ಆ ವರ್ಷ ಆ ಕಚೇರಿಯ ಯಜಮಾನ ಯಾರು?

ಅಮ್ಮನ ಹತ್ತಿರ ಒಂದು ಕಬ್ಬಿಣದ ಟ್ರಂಕ್ ಇದೆ. ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟು, ಅಪ್ಪನ ಸಂಬಳದ ಚೀಟಿಗಳು, ಈಗ ಚಲಾವಣೆಯಲ್ಲಿಲ್ಲದ ನಾಲ್ಕು ದಿನಾರ್ ನೋಟು, ಅಜ್ಜನ ತಮ್ಮ 1950ರ ದಶಕದಲ್ಲಿ ಕುವೈತಿನಿಂದ ಬರೆದ ಒಂದು ಕಾಗದದ ಲಕೋಟೆ, ಎಲ್ಲಾ ಅದರಲ್ಲಿದೆ. ಇಲ್ಲದ್ದು ಒಂದೇ: ನನ್ನ ಜನನ ಪತ್ರ. 1990ರ ಆಗಸ್ಟಿನಲ್ಲಿ ಮನೆ ಬಿಟ್ಟು ಹೊರಟಾಗ ಅದು ಸಾಲ್ಮಿಯಾದ ಫ್ಲಾಟಿನ ಕಪಾಟಿನಲ್ಲೇ ಉಳಿದುಹೋಯಿತು. ಕೇಳಿದರೆ ಅಮ್ಮ ಹೇಳೋದು ಇಷ್ಟೇ: "ಮಗು ಕೈಯಲ್ಲಿತ್ತಲ್ಲ. ಮಗುವಿನ ಕಾಗದ ಯಾರಿಗೆ ನೆನಪಾಗ್ತದೆ?"

ಮೂವತ್ತು ವರ್ಷ ಆ ಕಾಗದದ ಅಗತ್ಯವೇ ಬರಲಿಲ್ಲ. ಆ ಕಾಲದಲ್ಲಿ ಚಿಕ್ಕ ಮಕ್ಕಳ ಹೆಸರನ್ನು ತಾಯಿಯ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ಆ ಒಂದು ಸಾಲಿನ ಬಲದ ಮೇಲೆ ನನ್ನ ಶಾಲೆ, ಆಮೇಲೆ ನನ್ನದೇ ಪಾಸ್‌ಪೋರ್ಟು, ಎಲ್ಲಾ ನಡೆದುಹೋಯಿತು. ಕೆಲಸಕ್ಕೆಂದು ನಾನು ಮತ್ತೆ ಕುವೈತಿಗೆ ಬಂದೆ, ಇಲ್ಲೇ ಮಗಳು ಹುಟ್ಟಿದಳು. ಅವಳ ಹೆಸರು ನೋಂದಾಯಿಸಲು ಹೋದಾಗ ಒಂದು ಕೌಂಟರಿನಲ್ಲಿ ಕೇಳಿದರು: "ನೀವು ಹುಟ್ಟಿದ್ದು ಎಲ್ಲಿ? ನಿಮ್ಮ ತಂದೆ ಹುಟ್ಟಿದ್ದು ಎಲ್ಲಿ? ದಾಖಲೆ ಇದೆಯಾ?"

ಇದು ಬರೀ ಕಚೇರಿಯ ತಕರಾರು ಅಂತ ನಾನು ಮೊದಲು ಅಂದುಕೊಂಡಿದ್ದೆ. ಅಲ್ಲ. ಕುವೈತಿನಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳಿಗೆ ಕುವೈತಿನ ಪೌರತ್ವ ಬರುವುದಿಲ್ಲ. ಭಾರತದ ಪೌರತ್ವವೂ ತಾನಾಗಿ ಬರುವುದಿಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನಾನು ಹುಟ್ಟಿದ್ದು 1988ರಲ್ಲಿ. 1992ರ ಡಿಸೆಂಬರ್ 10ಕ್ಕಿಂತ ಮೊದಲು ಹೊರದೇಶದಲ್ಲಿ ಹುಟ್ಟಿದವರಿಗೆ ಪೌರತ್ವ ಬರುತ್ತಿದ್ದದ್ದು ತಂದೆಯ ಮೂಲಕ ಮಾತ್ರ, ತಾಯಿಯ ಮೂಲಕ ಅಲ್ಲ. ಅಂದರೆ ಮಗಳ ಕಾಗದ ನನ್ನ ಕಾಗದದ ಮೇಲೆ ನಿಂತಿದೆ, ನನ್ನದು ಅಪ್ಪನ ಕಾಗದದ ಮೇಲೆ. ಅಪ್ಪ ಹುಟ್ಟಿದ್ದು 1952ರಲ್ಲಿ, ಕುಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ.

ಈ ಹುಡುಕಾಟದಲ್ಲಿ ನಾನು ಕಲಿತ ಪಾಠ ಒಂದೇ. ಚಿಕ್ಕ ಊರಿನ ಕಾಗದವನ್ನು ಆ ಊರಲ್ಲೇ ಹುಡುಕಿದರೆ ಸಿಗೋದು ಕಡಿಮೆ. ಆ ವರ್ಷ ಆ ಊರಿನ ಕಚೇರಿ ಯಾರಿಗೆ ವರದಿ ಕಳಿಸುತ್ತಿತ್ತು, ಕಡತ ಅವರ ಹಿಂದೆಯೇ ಹೋಗಿರುತ್ತದೆ.

ಗೋಡೆಯೊಳಗಿನ ಊರು

ಇವತ್ತಿನ ಕುವೈತ್ ನೋಡಿದವರಿಗೆ ಇದೂ ಒಂದು ಚಿಕ್ಕ ಊರಾಗಿತ್ತು ಅಂದ್ರೆ ನಂಬಿಕೆ ಬರೋದಿಲ್ಲ. 1920ರಲ್ಲಿ ಊರಿನವರೇ ಸೇರಿ ಸುತ್ತ ಮಣ್ಣಿನ ಗೋಡೆ ಕಟ್ಟಿದರು. 1957ರಲ್ಲಿ ಅದನ್ನು ಕೆಡವಿದರು, ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಆ ಊರಿನ ಹಾಯಿಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಹಡಗು ಕಟ್ಟುವ ಮರ ಕೊಂಡೊಯ್ಯುತ್ತಿದ್ದವು.

1899ರ ಜನವರಿ 23ರಂದು ಶೇಖ್ ಮುಬಾರಕ್ ಬ್ರಿಟಿಷರ ಜೊತೆ ಒಪ್ಪಂದ ಮಾಡಿಕೊಂಡರು. ಅದಕ್ಕೆ ಅವರಿಗೆ ಸಿಕ್ಕ ಹಣ 15,000. ಪೌಂಡ್ ಅಲ್ಲ, ರೂಪಾಯಿ! ಯಾಕಂದ್ರೆ ಕೊಲ್ಲಿಯ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದು ಬ್ರಿಟಿಷ್ ಭಾರತದ ಸರ್ಕಾರ. 1904ರಲ್ಲಿ ಕುವೈತಿಗೆ ಮೊದಲ ಪೊಲಿಟಿಕಲ್ ಏಜೆಂಟ್ ಬಂದ. ಅವನು ವರದಿ ಕಳಿಸುತ್ತಿದ್ದದ್ದು ಇರಾನಿನ ಬುಶೈರ್ ಬಂದರಿನಲ್ಲಿದ್ದ ರೆಸಿಡೆಂಟನಿಗೆ. ರೆಸಿಡೆಂಟ್ ಬರೆಯುತ್ತಿದ್ದದ್ದು ಭಾರತ ಸರ್ಕಾರದ ವಿದೇಶಾಂಗ ಇಲಾಖೆಗೆ. ಅಲ್ಲಿಂದ ಮುಂದೆ ಲಂಡನ್.

1925ರ ಒಂದು ರಾಜಾಜ್ಞೆ ನಮ್ಮ ಮಟ್ಟಿಗೆ ಇನ್ನೂ ಮುಖ್ಯ. ಅದರ ಪ್ರಕಾರ ಕುವೈತಿನಲ್ಲಿದ್ದ ಬ್ರಿಟಿಷ್ ಪ್ರಜೆಗಳ ವ್ಯಾಜ್ಯ ಕೇಳುವ ಅಧಿಕಾರ ಶೇಖರದ್ದಲ್ಲ, ಏಜೆಂಟನದ್ದು. ಆಗ ಭಾರತೀಯರೂ ಬ್ರಿಟಿಷ್ ಪ್ರಜೆಗಳೇ ತಾನೇ? ಹಾಗಾಗಿ ಆ ಕಾಲದ ಒಬ್ಬ ಭಾರತೀಯ ವ್ಯಾಪಾರಿಯ ಸಾಲದ ಜಗಳವನ್ನು ಕುವೈತಿನ ಕಡತದಲ್ಲಿ ಹುಡುಕುವುದಕ್ಕಿಂತ ಏಜೆನ್ಸಿಯ ಕಡತದಲ್ಲಿ ಹುಡುಕುವುದು ಮೇಲು.

ಆ ಕಡತಗಳ ಗುಡ್ಡ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕುವೈತ್ ಏಜೆನ್ಸಿಯ ಸರಣಿಗೆ ಆರ್/15/5 ಅಂತ ಗುರುತು. 2014ರಲ್ಲಿ ಶುರುವಾದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಕೊಲ್ಲಿಯ ಕಡತಗಳ ದೊಡ್ಡ ಭಾಗವನ್ನು ಮನೆಯಲ್ಲೇ ಕೂತು ಪುಕ್ಕಟೆ ಓದಬಹುದು. ಅದೇ ವ್ಯವಹಾರದ ಭಾರತದ ಕಡೆಯ ಕಾಗದಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ಇದೆ. ಅದರ 'ಅಭಿಲೇಖ್ ಪಟಲ್' ಜಾಲತಾಣ 2015ರದ್ದು. ಒಂದು ಎಚ್ಚರಿಕೆ: ಆಗಿನ ಇಂಗ್ಲಿಷಿನಲ್ಲಿ ಕುವೈತ್ ಪದಕ್ಕೆ ಒಂದೇ ಸ್ಪೆಲಿಂಗ್ ಇರಲಿಲ್ಲ. 'ಕೆ-ಯು' ಇಂದ ಹುಡುಕಿ ಸಿಗದಿದ್ದರೆ 'ಕೆ-ಓ' ಇಂದ ಹುಡುಕಿ.

ಲಕೋಟೆಯ ಮೇಲಿನ ರಾಣಿ

ಟ್ರಂಕಿನಲ್ಲಿರುವ ಅಜ್ಜನ ತಮ್ಮನ ಲಕೋಟೆ ನೆನಪಿದೆಯಲ್ಲ? ಅದರ ಸ್ಟ್ಯಾಂಪಿನಲ್ಲಿ ಇಂಗ್ಲೆಂಡಿನ ರಾಣಿಯ ಮುಖ. ಅದರ ಮೇಲೆ ಕಪ್ಪು ಅಕ್ಷರದಲ್ಲಿ 'ಕುವೈತ್' ಅಂತ ಅಚ್ಚು. ಬೆಲೆ ಮಾತ್ರ ಆಣೆಯಲ್ಲಿ! ಚಿಕ್ಕವನಿದ್ದಾಗ ಇದೊಂದು ತಮಾಷೆ ಅನಿಸುತ್ತಿತ್ತು. ಈಗ ನೋಡಿದರೆ ಅದು ಒಂದು ದಿಕ್ಸೂಚಿ.

ಕುವೈತಿನ ಅಂಚೆ ಕಚೇರಿ 1915ರಿಂದ ನಡೆದದ್ದು ಭಾರತದ ಅಂಚೆ ಇಲಾಖೆಯ ಕೈಕೆಳಗೆ. 1923ರಿಂದ ಭಾರತದ ಸ್ಟ್ಯಾಂಪುಗಳ ಮೇಲೆಯೇ ಊರಿನ ಹೆಸರು ಅಚ್ಚು ಹಾಕಿ ಮಾರುತ್ತಿದ್ದರು. 1947ರ ಆಗಸ್ಟಿನಲ್ಲಿ ದೇಶ ಒಡೆದಾಗ ಆ ಕಚೇರಿ ಕೆಲವು ತಿಂಗಳು ಪಾಕಿಸ್ತಾನದ ಅಂಚೆಗೆ ಸೇರಿತು. 1948ರ ಏಪ್ರಿಲ್ 1ರಿಂದ ಬ್ರಿಟನ್ನಿನ ಅಂಚೆಗೆ. 1959ರಲ್ಲಿ ಕುವೈತ್ ತಾನೇ ವಹಿಸಿಕೊಂಡಿತು. ಅಂದರೆ ಒಂದೇ ಕಚೇರಿಗೆ ನಾಲ್ಕು ಯಜಮಾನರು. ದುಡ್ಡಿನ ಕತೆಯೂ ಹೀಗೇ: 1959ರಲ್ಲಿ ಭಾರತ ಕೊಲ್ಲಿಗೆಂದೇ ಬೇರೆ ರೂಪಾಯಿ ಅಚ್ಚು ಹಾಕಿತು, 1961ರಲ್ಲಿ ದಿನಾರ್ ಬಂತು, ಅದೇ ವರ್ಷ ಜೂನ್ 19ಕ್ಕೆ ಕುವೈತ್ ಸ್ವತಂತ್ರವಾಯಿತು.

ನಿಮ್ಮ ಮನೆಯಲ್ಲೂ ಇಂಥ ಲಕೋಟೆ ಇದ್ದರೆ ಸ್ಟ್ಯಾಂಪ್ ನೋಡಿ. ಭಾರತದ್ದಾದರೆ ದೆಹಲಿ ಮತ್ತು ಬ್ರಿಟಿಷ್ ಲೈಬ್ರರಿಯಲ್ಲಿ ಹುಡುಕಿ. ರಾಣಿಯದ್ದಾದರೆ ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಕಡತಗಳಿರುವ, ಲಂಡನ್ನಿನ ಕ್ಯೂ ಎಂಬಲ್ಲಿನ ನ್ಯಾಷನಲ್ ಆರ್ಕೈವ್ಸ್ ನೋಡಿ. ತೈಲ ಕಂಪನಿಯ ಆರಂಭದ ದಿನಗಳ ಬಗ್ಗೆ ತಿಳಿಯಬೇಕಾದರೆ, ಅದರ ಅರ್ಧ ಪಾಲುದಾರನಾಗಿದ್ದ ಬಿಪಿಯ ಕಡತ ಸಂಗ್ರಹ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿದೆ.

ಕುಂದಾಪುರದ ಕಾಗದ, ಮದ್ರಾಸಿನ ದಾರಿ

ಇನ್ನು ಅಪ್ಪನ ಊರು. 1952ರಲ್ಲಿ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. 1997ರಲ್ಲಿ ಕುಂದಾಪುರ ಹೊಸ ಉಡುಪಿ ಜಿಲ್ಲೆಗೆ ಸೇರಿತು. ಅಪ್ಪ ಮನೆಯಿಂದ ಕದಲದೆ ಇದ್ದಿದ್ದರೂ ಎರಡು ರಾಜ್ಯ, ಎರಡು ಜಿಲ್ಲೆ ನೋಡುತ್ತಿದ್ದರು!

ಭಟ್ಕಳ, ಹೊನ್ನಾವರ, ಕಾರವಾರದ ಕಡೆಯವರ ದಾರಿ ಬೇರೆ. ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಗಿತ್ತು. ಮೇಲಿನ ಹಂತದ ಹಳೆಯ ಕಡತಗಳಿಗೆ ಅವರು ನೋಡಬೇಕಾದದ್ದು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು ನೋಡಬೇಕಾದದ್ದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಕಾಸರಗೋಡಿನವರ ಅಜ್ಜಂದಿರ ಕಾಗದ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಇರುತ್ತದೆ, ಮೊಮ್ಮಕ್ಕಳದ್ದು ಮಲಯಾಳದಲ್ಲಿ. ಇಲ್ಲೂ ಸ್ಪೆಲಿಂಗ್ ಎಚ್ಚರಿಕೆ: ಹಳೆಯ ಇಂಗ್ಲಿಷ್ ಕಡತದಲ್ಲಿ ಕುಂದಾಪುರ ಶುರುವಾಗೋದು 'ಸಿ' ಮತ್ತು ಎರಡು 'ಓ'ಗಳಿಂದ.

ಜನನ-ಮರಣದ ಪುಸ್ತಕ ಮಾತ್ರ ಅಷ್ಟು ದೂರ ಹೋಗುವಂಥದ್ದಲ್ಲ, ಅದಕ್ಕೆ ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಬೇಕು. ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರ ಕಾಯ್ದೆಯಿಂದ. ಅದಕ್ಕೂ ಮುಂಚೆ ಹಳ್ಳಿಯ ಅಧಿಕಾರಿ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪನ ಹೆಸರು ಸಿಗಲಿಲ್ಲ. ನಾನು ಬೇಜಾರಿನಲ್ಲಿ ಹೊರಡುವಾಗ ಅಲ್ಲಿನ ಹಿರಿಯ ಗುಮಾಸ್ತರು ಕರೆದು ಹೇಳಿದರು: "ಸಿಗಲಿಲ್ಲ ಅಂತ ಬರೆಸಿಕೊಂಡು ಹೋಗಿ ಮಾರಾಯ್ರೆ. ಅದೂ ಒಂದು ದಾಖಲೆಯೇ."

ಹೌದು, ಅದೇ ಬಾಗಿಲು. ಹುಡುಕಿದೆವು, ಸಿಗಲಿಲ್ಲ ಅನ್ನುವ ಪತ್ರ, ಅದರ ಜೊತೆಗೆ ಶಾಲೆಯ ದಾಖಲಾತಿ ಪುಸ್ತಕದ ನಕಲು. ಇವೆರಡನ್ನು ಇಟ್ಟುಕೊಂಡು ತಡವಾದ ನೋಂದಣಿಗೆ ಕೇಳಬಹುದು. ಮೊದಲು ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಮಟ್ಟದಲ್ಲಿ ಆಗುತ್ತದೆ. ಶಾಲೆಯ ಪುಸ್ತಕದಲ್ಲಿ ಅಪ್ಪನ ಹುಟ್ಟಿದ ದಿನ ಜೂನ್ 1 ಅಂತಿತ್ತು. ಅದೇ ಪುಟದ ಇನ್ನೂ ಹಲವರು ಹುಟ್ಟಿದ್ದೂ ಜೂನ್ 1ಕ್ಕೇ. ಶಾಲೆಗೆ ಸೇರಲು ವಯಸ್ಸು ಹೊಂದಬೇಕಲ್ಲ, ಮೇಷ್ಟ್ರು ಲೆಕ್ಕ ಹಾಕಿ ಬರೆದದ್ದು!

ಜಿನೀವಾಕ್ಕೆ ಹೋದ ಕಾಗದಗಳು

ಉಳಿದದ್ದು ನನ್ನ ಕಾಗದ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಸುಮಾರು 1.7 ಲಕ್ಷ ಭಾರತೀಯರು ಊರಿಗೆ ಮರಳಿದರು. ಬಹಳಷ್ಟು ಜನ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದರು. ಜನರ ಜೊತೆ ಕುವೈತಿನ ಕಾಗದಗಳೂ ಚೆಲ್ಲಾಪಿಲ್ಲಿಯಾದವು. ಸರ್ಕಾರದ ಕಡತಗಳನ್ನು ಇರಾಕಿಗೆ ಹೊತ್ತೊಯ್ದರು. 2021ರಲ್ಲೂ ಇರಾಕ್ ಟನ್‌ಗಟ್ಟಲೆ ಕಡತ ಹಿಂದಿರುಗಿಸಿತು.

1991ರಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗ ತೆರೆಯಿತು. ಜಗತ್ತಿನ ಎಲ್ಲ ಕಡೆಯಿಂದ ಸುಮಾರು 27 ಲಕ್ಷ ಅರ್ಜಿ ಹೋದವು. ಕುವೈತ್ ಬಿಟ್ಟು ಹೋಗಬೇಕಾದವರಿಗೆ ತಲೆಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ಯಾವ ಪರಿಹಾರವನ್ನೂ ಕೇಳದವರಿಗೆ 4,000 ಮತ್ತು 8,000. ಒಟ್ಟು 52.4 ಬಿಲಿಯನ್ ಡಾಲರ್ ಪರಿಹಾರದ ಕೊನೆಯ ಕಂತು 2022ರ ಜನವರಿಯಲ್ಲಿ ಪಾವತಿಯಾಯಿತು. ಅರ್ಜಿಯನ್ನು ನಾವು ನೇರವಾಗಿ ಕಳಿಸುವಂತಿರಲಿಲ್ಲ, ನಮ್ಮ ಸರ್ಕಾರವೇ ಕಳಿಸಬೇಕಿತ್ತು. ಭಾರತದಲ್ಲಿ ಆ ಕೆಲಸ ನೋಡಿಕೊಂಡದ್ದು ವಿದೇಶಾಂಗ ಸಚಿವಾಲಯದ ವಿಶೇಷ ಕುವೈತ್ ವಿಭಾಗ.

ಅಪ್ಪ ತುಂಬಿದ ಆ ಅರ್ಜಿಯ ಕಾರ್ಬನ್ ಪ್ರತಿ ಟ್ರಂಕಿನ ತಳದಲ್ಲಿತ್ತು. ಅದರಲ್ಲಿ ಕುಟುಂಬದವರ ಪಟ್ಟಿ, ನನ್ನ ಹೆಸರು, ಹುಟ್ಟಿದ ದಿನ. ಆ ದಿನಾಂಕ ಹಿಡಿದುಕೊಂಡು ಕುವೈತಿನ ಜನನ ದಾಖಲೆಯ ನಕಲಿಗೆ ಅರ್ಜಿ ಹಾಕಿದೆ. ಬಂತು, ಅರಬ್ಬಿಯಲ್ಲಿ. ಅರಬ್ಬಿಯಲ್ಲಿ 'ಪ' ಇಲ್ಲ, ಹಾಗಾಗಿ ಅಮ್ಮನ ಹೆಸರಿನ ಮೊದಲ ಅಕ್ಷರ 'ಬ' ಆಗಿತ್ತು. ನಮ್ಮ ಹೆಸರುಗಳನ್ನು ಅಲ್ಲಿ ಹುಡುಕಿಸುವಾಗ ಇದನ್ನು ಮೊದಲೇ ಹೇಳಿಬಿಡಿ.

ಕೇಳುವ ರೀತಿ

ನಿಮಗೂ ಇಂಥ ಹುಡುಕಾಟ ಇದ್ದರೆ ಮೊದಲು ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ವರ್ಷ, ಯಾವ ಊರು, ಆಗ ಆ ಊರು ಯಾರ ಕೈಯಲ್ಲಿತ್ತು. ಆಮೇಲೆ ಹೆಸರಿನ ಎಲ್ಲ ಸ್ಪೆಲಿಂಗುಗಳು.

ಭಾರತದ ಕಚೇರಿಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ತಪ್ಪು ಕಚೇರಿಗೆ ಹಾಕಿದರೂ ಅವರು ಐದು ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಆದರೆ ಈ ಹಕ್ಕು ಇರೋದು ಭಾರತದ ಪೌರರಿಗೆ. ಓಸಿಐ ಕಾರ್ಡ್ ಇರುವವರು ಊರಲ್ಲಿರುವ ಅಣ್ಣನಿಂದಲೋ ಚಿಕ್ಕಪ್ಪನಿಂದಲೋ ಅರ್ಜಿ ಹಾಕಿಸುವುದು ಸುಲಭ. ಕುವೈತಿನಲ್ಲೂ 2020ರಲ್ಲಿ ಮಾಹಿತಿ ಪಡೆಯುವ ಹಕ್ಕಿನ ಕಾನೂನು ಬಂದಿದೆ.

ಅರ್ಜಿಯಲ್ಲಿ "ನಮ್ಮ ಕುಟುಂಬದ ಎಲ್ಲ ದಾಖಲೆ ಕೊಡಿ" ಅಂತ ಬರೆಯಬೇಡಿ. ಯಾವ ಪುಸ್ತಕ, ಯಾವ ವರ್ಷ, ಯಾವ ಹಳ್ಳಿ, ಅಷ್ಟೇ ಬರೆಯಿರಿ. ಸಿಗದಿದ್ದರೆ, ಸಿಗಲಿಲ್ಲ ಅಂತ ಬರೆಸಿಕೊಳ್ಳಿ.

ಮಗಳ ನೋಂದಣಿ ಒಂದು ವರ್ಷ ತುಂಬಲು ಹನ್ನೊಂದು ದಿನ ಇರುವಾಗ ಆಯಿತು. ಆ ಪತ್ರದ ಒಂದು ನಕಲನ್ನು ಊರಿಗೆ ಕಳಿಸಿದೆ. ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾರಂತೆ. "ಈ ಸಲ ಹೊರಡುವುದಾದರೆ ಇದನ್ನು ಮೊದಲು ತಗೊಳ್ಳುವುದು" ಅಂದರು ಫೋನಿನಲ್ಲಿ.