ಸ್ಟೂಡಿಬೇಕರ್ ಸಂಸ್ಥೆಯ ಉಚ್ಛ್ರಾಯ ಮತ್ತು ಪತನ

ಮೋಟಾರು ವಾಹನಗಳ ಚರಿತ್ರೆಯಲ್ಲಿ ಹುಟ್ಟಿ ಅಳಿದ ಹೆಸರುಗಳು ಅನೇಕ. ಅವುಗಳಲ್ಲಿ ಬಹುಭಾಗವು ಮೂಲಧನದ ಕೊರತೆಯಿಂದಲೋ ಅನುಭವದ ಅಭಾವದಿಂದಲೋ ಶೈಶವದಲ್ಲಿಯೇ ಮಡಿದುವು. ಅಮೆರಿಕದ ಸ್ಟೂಡಿಬೇಕರ್ ಸಂಸ್ಥೆಯ ವಿಷಯವು ಹಾಗಲ್ಲ. ನೂರು ವರ್ಷಗಳಿಗೆ ಮಿಕ್ಕ ಬಾಳು, ನುರಿತ ಕೆಲಸಗಾರರು, ಜನರ ವಿಶ್ವಾಸ, ಇವೆಲ್ಲವೂ ಇದ್ದು ಅದು ಅಳಿಯಿತು. ಆದುದರಿಂದ ಅದರ ಪತನದ ಕಾರಣಗಳು ವಿಶೇಷವಾಗಿ ವಿಚಾರಾರ್ಹವಾಗಿವೆ.

೧೮೫೨ರಲ್ಲಿ ಇಂಡಿಯಾನ ಪ್ರಾಂತದ ಸೌತ್ ಬೆಂಡ್ ಎಂಬ ಊರಿನಲ್ಲಿ ಹೆನ್ರಿ, ಕ್ಲೆಮೆಂಟ್ ಎಂಬ ಸೋದರರು ೬೮ ಡಾಲರುಗಳ ಮೂಲಧನದಿಂದ ಕಮ್ಮಾರಸಾಲೆಯೊಂದನ್ನು ತೆರೆದರು. ಅವರ ತಮ್ಮನಾದ ಜಾನನು ಕ್ಯಾಲಿಫೋರ್ನಿಯದ ಚಿನ್ನದ ಸೀಮೆಗೆ ಹೋಗಿ, ಅಗೆಯುವವರಿಗೆ ಒಂಟಿಗಾಲಿಯ ಕೈಗಾಡಿಗಳನ್ನು ಮಾಡಿಕೊಟ್ಟು, ೧೮೫೮ರಲ್ಲಿ ೮,೦೦೦ ಡಾಲರುಗಳೊಡನೆ ಹಿಂದಿರುಗಿದನು. ಆ ಹಣದಿಂದ ಉದ್ಯಮವು ಬೆಳೆಯಿತು. ೧೮೬೧-೬೫ರ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಬಂಡಿಗಳನ್ನು ಒದಗಿಸಿ ಅದು ಪ್ರಸಿದ್ಧಿಗೆ ಬಂದಿತು. ೧೯೦೨ರಲ್ಲಿ ವಿದ್ಯುತ್ತಿನ ಕಾರನ್ನೂ, ೧೯೦೪ರಲ್ಲಿ ಪೆಟ್ರೋಲಿನ ಕಾರನ್ನೂ ಹೊರತಂದು, ೧೯೨೦ರಲ್ಲಿ ಬಂಡಿಯ ಕೆಲಸವನ್ನೇ ನಿಲ್ಲಿಸಿತು. ಕುದುರೆಯ ಕಾಲದಿಂದ ಯಂತ್ರದ ಕಾಲಕ್ಕೆ ಹೀಗೆ ದಾಟಿ ನಿಂತ ಬಂಡಿಗಾರರು ಅತಿ ವಿರಳ.

ಮೊದಲನೆಯ ಕುಸಿತವು ೧೯೩೩ರಲ್ಲಿ ಸಂಭವಿಸಿತು. ಆರ್ಥಿಕ ಮುಗ್ಗಟ್ಟು ಬೇಗನೆ ಕಳೆಯುವುದೆಂದು ನಂಬಿದ ಅಧ್ಯಕ್ಷ ಆಲ್ಬರ್ಟ್ ಅರ್ಸ್ಕಿನ್ನನು ಗಳಿಕೆಯನ್ನು ಮೀರಿ ಪಾಲುದಾರರಿಗೆ ಲಾಭಾಂಶವನ್ನು ಹಂಚಿದನು. ಸಂಸ್ಥೆಯು ನ್ಯಾಯಾಲಯದ ಆಡಳಿತಕ್ಕೆ ಸೇರಿತು. ಅರ್ಸ್ಕಿನ್ನನು ಆ ವರ್ಷವೇ ಆತ್ಮಹತ್ಯೆ ಮಾಡಿಕೊಂಡನು. ಪಾಲ್ ಹಾಫ್‌ಮನ್, ಹೆರಾಲ್ಡ್ ವ್ಯಾನ್ಸ್ ಎಂಬವರು ಸಂಸ್ಥೆಯನ್ನು ಮೇಲೆತ್ತಿದರು. ೧೯೩೯ರ ಚಾಂಪಿಯನ್ ಕಾರೂ ಯುದ್ಧಕಾಲದ ಲಾರಿಗಳೂ ಅದಕ್ಕೆ ಮರುಹುಟ್ಟನ್ನು ಕೊಟ್ಟುವು. ೧೯೫೦ರಲ್ಲಿ ಕಾರು, ಲಾರಿಗಳೆಲ್ಲ ಸೇರಿ ಮೂರು ಲಕ್ಷಕ್ಕೂ ಮಿಕ್ಕು ವಾಹನಗಳು ತಯಾರಾದುವು.

ಈ ಉಚ್ಛ್ರಾಯದಲ್ಲಿಯೇ ಕ್ಷಯದ ಬೀಜವು ಅಡಗಿದ್ದಿತು. ಉಕ್ಕಿನ ತಗಡನ್ನು ಒತ್ತಿ ಕಾರಿನ ಮೈಯನ್ನು ರೂಪಿಸುವ ಅಚ್ಚುಗಳ ವೆಚ್ಚವು ಕಾರುಗಳ ಸಂಖ್ಯೆ ಕಡಮೆಯಾದರೆ ತಾನು ಕಡಮೆಯಾಗುವುದಿಲ್ಲ. ಹತ್ತು ಲಕ್ಷ ಕಾರುಗಳ ಮೇಲೆ ಹಂಚಿಹೋಗುವ ಹೊರೆಯು ಒಂದು ಲಕ್ಷದ ಮೇಲೆ ಬಿದ್ದರೆ ಪ್ರತಿಯೊಂದಕ್ಕೂ ಹತ್ತುಮಡಿಯಾಗುವುದು. ಇದರ ಜೊತೆಗೆ ಕಾರ್ಖಾನೆಯು ಹಳೆಯದು, ಕೂಲಿಯ ದರವು ಹೆಚ್ಚಿನದು. ೧೯೫೩-೫೪ರಲ್ಲಿ ಫೋರ್ಡ್ ಮತ್ತು ಷೆವ್ರೊಲೆ ಮಾರಾಟದಲ್ಲಿ ಪರಸ್ಪರ ಸ್ಪರ್ಧೆಗಿಳಿದಾಗ ಪೆಟ್ಟು ಬಿದ್ದುದು ಚಿಕ್ಕ ಸಂಸ್ಥೆಗಳಿಗೆ. ೧೯೫೪ರಲ್ಲಿ ಪ್ಯಾಕರ್ಡ್ ಸಂಸ್ಥೆಯು ಸ್ಟೂಡಿಬೇಕರಿನೊಡನೆ ಕೂಡಿಕೊಂಡಿತು. ನಷ್ಟವಿಲ್ಲದೆ ನಡೆಯಬೇಕಾದರೆ ವರ್ಷಕ್ಕೆ ಸುಮಾರು ೨,೮೨,೦೦೦ ವಾಹನಗಳು ಮಾರಾಟವಾಗಬೇಕೆಂಬ ಲೆಕ್ಕವು ಹೊರಬಿದ್ದುದು ಕೂಡಿಕೆಯಾದ ಮೇಲೆ; ಆ ವರ್ಷದ ಮಾರಾಟವು ಅದರ ಅರ್ಧಕ್ಕಿಂತಲೂ ಬಹಳ ಕಡಮೆ.

ದೊಡ್ಡ ಸಂಸ್ಥೆಗಳ ಬಲವೊಂದೇ ಪತನಕ್ಕೆ ಕಾರಣವೆಂಬ ಮಾತು ಪೂರ್ಣವಾಗಿ ಒಪ್ಪತಕ್ಕುದಲ್ಲ. ೧೯೫೯ರ ಲಾರ್ಕ್ ಎಂಬ ಚಿಕ್ಕ ಕಾರು ಚೆನ್ನಾಗಿ ಮಾರಾಟವಾಗಿ ಲಾಭವನ್ನು ತಂದಿತು. ಆದರೆ ೧೯೬೦ರ ಹೊತ್ತಿಗೆ ದೊಡ್ಡ ಸಂಸ್ಥೆಗಳೂ ಚಿಕ್ಕ ಕಾರುಗಳನ್ನು ತಂದುವು; ಸ್ಟೂಡಿಬೇಕರಿನ ಆಡಳಿತಗಾರರ ಲಕ್ಷ್ಯವು ಕಾರಿಗಿಂತ ಬೇರೆ ಉದ್ಯಮಗಳನ್ನು ಕೊಳ್ಳುವುದರ ಕಡೆಗೆ ಹೆಚ್ಚಾಗಿ ತಿರುಗಿತು. ೧೯೬೩ರ ಡಿಸೆಂಬರಿನಲ್ಲಿ ಸೌತ್ ಬೆಂಡಿನ ಕಾರ್ಖಾನೆಯನ್ನು ಮುಚ್ಚಲಾಯಿತು. ಕೆನಡದ ಹ್ಯಾಮಿಲ್ಟನ್ನಿನಲ್ಲಿ ಉಳಿದ ಕೆಲಸವೂ ೧೯೬೬ರ ಮಾರ್ಚಿಯಲ್ಲಿ ನಿಂತಿತು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕುದೊಂದುಂಟು. ಅಳಿದುದು ಕಾರು, ಕಂಪೆನಿಯಲ್ಲ. ಅದು ತನ್ನ ಬೇರೆ ಉದ್ಯಮಗಳಿಂದ ಬಾಳಿತು. ಆದರೆ ವಿಶ್ರಾಂತಿವೇತನದ ನಿಧಿಯಲ್ಲಿ ಸಾಕಷ್ಟು ಹಣವಿರಲಿಲ್ಲ. ಅರುವತ್ತು ತುಂಬಿದವರಿಗೆ ಪೂರ್ಣ ವೇತನವು ದೊರೆಯಿತು. ನಲವತ್ತರಿಂದ ಐವತ್ತೊಂಬತ್ತರ ವಯಸ್ಸಿನ, ಹತ್ತು ವರ್ಷಗಳಿಗೆ ಕಡಮೆಯಿಲ್ಲದೆ ದುಡಿದ, ಸುಮಾರು ೪,೦೦೦ ಮಂದಿಗೆ ಸಲ್ಲಬೇಕಾದುದರಲ್ಲಿ ನೂರಕ್ಕೆ ಹದಿನೈದರಷ್ಟು ಮಾತ್ರವೇ ಬಂದಿತು. ಉಳಿದವರಿಗೆ ಏನೂ ಇಲ್ಲ. ೧೯೩೩ರಲ್ಲಿ ಪಾಲುದಾರರಿಗೆ ಮಿತಿಮೀರಿ ಕೊಟ್ಟುದರಿಂದ ಕೆಟ್ಟ ಸಂಸ್ಥೆಯು ೧೯೬೪ರಲ್ಲಿ ಕೆಲಸಗಾರರಿಗೆ ಕೊಟ್ಟ ಮಾತನ್ನು ನಡೆಸದೆ ಹೋಯಿತು.

ಈ ಅನ್ಯಾಯವು ಮರೆಯಾಗಲಿಲ್ಲ. ಕೆಲಸಗಾರರ ವಿಶ್ರಾಂತಿವೇತನವನ್ನು ರಕ್ಷಿಸುವ ಶಾಸನಕ್ಕೆ ೧೯೭೪ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡನು ಅಂಕಿತ ಹಾಕಿದನು. ಅದಕ್ಕಾಗಿ ವಾದಿಸಿದವರು ಮುಂದಿಟ್ಟ ಪ್ರಮುಖ ನಿದರ್ಶನವು ಸೌತ್ ಬೆಂಡಿನದು. ಸ್ಟೂಡಿಬೇಕರ್ ಕಾರುಗಳು ಇಂದು ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಆ ಶಾಸನವಾದರೋ ಅಮೆರಿಕದಲ್ಲಿ ಇಂದಿಗೂ ಆಚರಣೆಯಲ್ಲಿರುವುದು.