ವಿಲ್ಮಾಟನ ನೆಲಮಾಳಿಗೆ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ನಮ್ಮ ರಾಜನೀತಿಕಾರರು ಅರಾಜಕತೆಯ ವರ್ಣನೆಗೆ ಬಳಸಿ ಬಳಸಿ ಸವೆಸಿದ್ದಾರೆ. ಆದರೆ ಆ ನ್ಯಾಯದ ವಿರುದ್ಧ ಮೀನೇ ಖುದ್ದಾಗಿ ಫಿರ್ಯಾದು ಹೂಡಿದ ಪ್ರಸಂಗವೊಂದು ಶತಪಥಬ್ರಾಹ್ಮಣದಲ್ಲಿ ಉಂಟೆಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ಪ್ರಾತಃಕಾಲದಲ್ಲಿ ಕೈತೊಳೆಯಲೆಂದು ತಂದ ನೀರಿನಲ್ಲಿ ಮನುವಿನ ಅಂಗೈಗೆ ಸಿಕ್ಕಿದ ಎಳೆಮೀನು, ತನ್ನ ಜಾತಿಯವರೇ ತನ್ನನ್ನು ತಿಂದುಹಾಕುವರೆಂಬ ಭಯವನ್ನು ತೋಡಿಕೊಂಡು, ಮೊದಲು ಕುಂಭದಲ್ಲಿಯೂ, ಕುಂಭವನ್ನು ಮೀರಿ ಬೆಳೆದಾಗ ತೋಡಿದ ಹೊಂಡದಲ್ಲಿಯೂ, ಇನ್ನು ಯಾರ ಬಾಯಿಗೂ ಸಿಕ್ಕದಷ್ಟಾದ ಮೇಲೆ ಸಮುದ್ರದಲ್ಲಿಯೂ ತನ್ನನ್ನು ಇರಿಸಬೇಕೆಂದು ಬೇಡಿಕೊಂಡಿತು. ಪ್ರಳಯ, ನೌಕೆ ಮೊದಲಾದ ಮಹಾವೃತ್ತಾಂತಗಳೆಲ್ಲ ತರುವಾಯದವು. ಪುರಾಣದ ಗಾಂಭೀರ್ಯವನ್ನು ಕ್ಷಣಕಾಲ ಬದಿಗಿಟ್ಟು ನೋಡಿದರೆ, ಮರಿಮೀನಿನ ಪಾಲನಕ್ರಮಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಿಧಿ ಈವರೆಗೂ ಹುಟ್ಟಿಲ್ಲವೆನ್ನಬೇಕು.

ಆ ಕಥೆಯನ್ನು ಪ್ರಾಯಶಃ ಎಂದೂ ಕೇಳಿರದ, ಆದರೂ ಅದರ ವಿಧಿಯಂತೆಯೇ ನಡೆದ ಗೃಹಸ್ಥನೊಬ್ಬನು ಟೊರಾಂಟೊ ನಗರದಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ, ಇಂದು ಡರಮ್ ಪ್ರದೇಶದ ಕ್ಲಾರಿಂಗ್ಟನ್ ಪುರಸಭೆಗೆ ಸೇರಿರುವ ನ್ಯೂಕ್ಯಾಸಲ್ ಎಂಬ ಊರಿನ ಬಳಿ ವಾಸವಾಗಿದ್ದನು. ಆತನ ಹೆಸರು ಸ್ಯಾಮ್ಯುಯೆಲ್ ವಿಲ್ಮಾಟ್, ಹುಟ್ಟಿದ್ದು 1822ರಲ್ಲಿ. ಆತನ ಜಮೀನಿನ ಮಗ್ಗುಲಲ್ಲಿ ಹರಿದು ಒಂಟಾರಿಯೊ ಸರೋವರವನ್ನು ಸೇರುವ ತೊರೆಗೆ ಇಂದು ಅವನ ಮನೆತನದ ಹೆಸರೇ ನಿಂತಿದೆ. ಸಮುದ್ರವನ್ನು ಕಾಣದೆ ಸರೋವರವನ್ನೇ ಸಮುದ್ರವೆಂದು ಬಗೆದು ಬೆಳೆಯುತ್ತಿದ್ದ ಅಟ್ಲಾಂಟಿಕ್ ಸಾಲ್ಮನ್ ಮೀನುಗಳು ಶರತ್ಕಾಲ ಬಂತೆಂದರೆ ಮೊಟ್ಟೆಯಿಡಲು ಇಂಥ ತೊರೆಗಳನ್ನೇರಿ ಬರುತ್ತಿದ್ದವು. ಹಾಗೆ ಬರುತ್ತಿದ್ದವುಗಳ ಸಂಖ್ಯೆ ಎಷ್ಟಿತ್ತೆಂದರೆ, ಗಂಡಸರು ದೊಣ್ಣೆಗಳಿಂದಲೂ ಹುಲ್ಲೆತ್ತುವ ಕವೆಗೋಲುಗಳಿಂದಲೂ ಅವನ್ನು ಹೊಡೆಯುತ್ತಿದ್ದರೆಂದೂ, ಹೆಂಗಸರು ತಮ್ಮ ಫ್ಲಾನೆಲ್ ಲಂಗಗಳನ್ನೇ ಬಲೆಯಾಗಿ ಹಿಡಿದು ಬಾಚುತ್ತಿದ್ದರೆಂದೂ ವಿಲ್ಮಾಟನೇ ಮುಂದೆ ತನ್ನ ವರದಿಯಲ್ಲಿ ಸ್ಮರಿಸಿದ್ದಾನೆ. ರಾತ್ರಿಯಾದರೆ ದೋಣಿಯ ಮೂತಿಗೆ ಕಬ್ಬಿಣದ ಬುಟ್ಟಿಯಲ್ಲಿ ಪಂಜುರಿಸಿ ಈಟಿಯಿಂದ ತಿವಿಯುವ ಪದ್ಧತಿ ಬೇರೆ. ಸಾಲ್ಮನ್ನಿನ ರಕ್ಷಣೆಗೆಂದು 1807ರಷ್ಟು ಹಿಂದೆಯೇ ಶಾಸನವಾಗಿತ್ತು. ಪಶ್ಚಿಮದಲ್ಲಿ ಇಂದಿನ ಮಿಸ್ಸಿಸಾಗ ನಗರದ ಮಧ್ಯೆ ಹರಿಯುವ ಕ್ರೆಡಿಟ್ ನದಿಯ ದಡದಲ್ಲಿ ನೆಲಸಿದ್ದ ಮೂಲನಿವಾಸಿಗಳು, ಬಿಳಿಯರು ತಮ್ಮ ಮೀನನ್ನು ಸೂರೆಮಾಡುತ್ತಿರುವರೆಂದು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1829ರಲ್ಲಿ ಇನ್ನೊಂದು ಶಾಸನವನ್ನು ಪಡೆದಿದ್ದರು. ಕಾಗದದ ಕಟ್ಟಳೆಗೆ ಕವೆಗೋಲು ಎಂದಾದರೂ ಅಂಜಿದ್ದುಂಟೆ?

1860ರ ದಶಕದ ಹೊತ್ತಿಗೆ ತೊರೆಯಲ್ಲಿ ಉಳಿದದ್ದು ಬೆರಳೆಣಿಕೆಯ ಮೀನು. 1866ರಲ್ಲಿ ವಿಲ್ಮಾಟನು ಅವುಗಳಲ್ಲಿ ಕೆಲವನ್ನು ಹಿಡಿದು, ಮೊಟ್ಟೆಗಳನ್ನು ತೆಗೆದು, ತನ್ನ ಮನೆಯ ನೆಲಮಾಳಿಗೆಯಲ್ಲಿಯೇ ಮರಿಮಾಡುವ ಏರ್ಪಾಡನ್ನು ಹೂಡಿದನು. ಈ ವಿದ್ಯೆ ಅವನ ಆವಿಷ್ಕಾರವೇನಲ್ಲ. ಜರ್ಮನಿಯ ಯಾಕೋಬಿ ಹದಿನೆಂಟನೆಯ ಶತಮಾನದಲ್ಲಿಯೇ ಇದನ್ನು ಸಾಧಿಸಿ ಬರೆದಿದ್ದನು. ಫ್ರಾನ್ಸಿನ ವೋಜ್ ಬೆಟ್ಟಗಳ ಬಡ ಬೆಸ್ತ ಜೋಸೆಫ್ ರೆಮಿ 1840ರ ದಶಕದಲ್ಲಿ, ರಾತ್ರಿಯೆಲ್ಲ ಹೊಳೆಯ ದಡದಲ್ಲಿ ಕಾದು ಕುಳಿತು, ಅದನ್ನು ತಾನೇ ಹೊಸದಾಗಿ ಕಂಡುಕೊಂಡಿದ್ದನು. ಕ್ವಿಬೆಕ್ಕಿನಲ್ಲಿ ರಿಚರ್ಡ್ ನೆಟಲ್, ನ್ಯೂಯಾರ್ಕ್ ಸಂಸ್ಥಾನದ ಕ್ಯಾಲಡೋನಿಯದಲ್ಲಿ ಸೆತ್ ಗ್ರೀನ್ ಆಗಲೇ ಪ್ರಯೋಗ ನಡೆಸಿದ್ದರು. ವಿಲ್ಮಾಟನ ವೈಶಿಷ್ಟ್ಯವಿದ್ದುದು ಹಟದಲ್ಲಿ.

ಆ ಕಾಲದ ಮರಿಮನೆಗಳ ಕೆಲಸವನ್ನು ಕೊಂಚ ಹತ್ತಿರದಿಂದ ನೋಡಬೇಕು. ಪಕ್ವವಾದ ಹೆಣ್ಣುಮೀನಿನ ಹೊಟ್ಟೆಯನ್ನು ಮೃದುವಾಗಿ ನೀವಿದರೆ ಕಿತ್ತಳೆಬಣ್ಣದ, ಬಟಾಣಿಗಿಂತ ತುಸು ಕಿರಿದಾದ ಮೊಟ್ಟೆಗಳು ಸಾವಿರಗಟ್ಟಲೆ ತಟ್ಟೆಗೆ ಸುರಿಯುತ್ತವೆ. ಅವುಗಳಿಗೆ ಗಂಡಿನ ವೀರ್ಯವನ್ನು ಬೆರಸಿ, ಹಕ್ಕಿಯ ಗರಿಯಿಂದ ಮೆಲ್ಲನೆ ಕಲಕಿ, ತಣ್ಣೀರು ಎಡೆಬಿಡದೆ ಹರಿಯುವ ಆಳವಿಲ್ಲದ ದೋಣಿಗಳಲ್ಲಿ ಹರಡುವರು. ಅಲ್ಲಿಂದ ಮುಂದೆ ಇಡೀ ಚಳಿಗಾಲ ಕಾವಲು. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ. ಅದರಿಂದೆದ್ದ ಬೂಷ್ಟಿನ ಎಳೆಗಳು ನೆರೆಯ ಹತ್ತು ಮೊಟ್ಟೆಗಳನ್ನು ಹೆಣೆದು ಕೊಲ್ಲುವುದಕ್ಕೆ ಮೊದಲೇ ಅದನ್ನು ಚಿಮುಟದಿಂದ ಹೆಕ್ಕಿ ತೆಗೆಯಬೇಕು. ವಾರಗಳು ಕಳೆದ ಮೇಲೆ ಮೊಟ್ಟೆಯೊಳಗೆ ಎರಡು ಕರಿಯ ಚುಕ್ಕೆಗಳು ಮೂಡುತ್ತವೆ, ಅವು ಕಣ್ಣುಗಳು. ವಸಂತದಲ್ಲಿ ಒಡೆದು ಹೊರಬಂದ ಮರಿ ತನ್ನ ಬುತ್ತಿಯ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡೇ ಬರುತ್ತದೆ. ಚೀಲ ಕರಗುವ ತನಕ ಆಹಾರದ ಯೋಚನೆಯಿಲ್ಲ. ತೊರೆಯ ಜಲ್ಲಿಯಲ್ಲಿ ಮೊಟ್ಟೆಗಾಗಿಯೂ ಮರಿಗಾಗಿಯೂ ಕಾದಿರುವ ಟ್ರೌಟ್, ಬಾತು ಮೊದಲಾದ ಬಾಯಿಗಳಾವುವೂ ನೆಲಮಾಳಿಗೆಯನ್ನು ಹೊಗಲಾರವಷ್ಟೆ.

ಅದೇ 1866ರಲ್ಲಿ, ಲಂಡನ್ನಿನ ಆಲ್ಬರ್ಟ್ ಗುಂತರ್ ಎಂಬ ಪಂಡಿತನು, ಟ್ರಿನಿಡಾಡಿನಿಂದ ಲೆಕ್ಮಿಯರ್ ಗಪ್ಪಿ ಎಂಬಾತ ಕಳುಹಿಸಿದ ಒಂದು ಪುಟ್ಟ ಮೀನಿಗೆ ಕಳುಹಿಸಿದಾತನ ಹೆಸರನ್ನೇ ಇಟ್ಟನು. ಅದನ್ನು ಪೀಟರ್ಸ್ ಎಂಬಾತ 1859ರಲ್ಲಿಯೇ ವರ್ಣಿಸಿದ್ದನೆಂದು ತಿಳಿದ ಮೇಲೆ ಶಾಸ್ತ್ರೀಯ ನಾಮ ಬದಲಾದರೂ, ಜನರ ಬಾಯಲ್ಲಿ ಗಪ್ಪಿ ಗಪ್ಪಿಯಾಗಿಯೇ ಉಳಿಯಿತು. ಬೆಂಗಳೂರಿನಲ್ಲಾಗಲಿ ಬ್ರಾಂಪ್ಟನ್ನಿನಲ್ಲಾಗಲಿ ಗಾಜಿನ ತೊಟ್ಟಿಯಿಟ್ಟ ಗೃಹಸ್ಥರು ಮೊದಲು ತರುವುದು ಇದನ್ನೇ. ಸುಮಾರು ನಾಲ್ಕು ವಾರ ಗರ್ಭಧರಿಸಿ ಜೀವಂತ ಮರಿಗಳನ್ನೇ ಹೆರುವ ಈ ತಾಯಿ, ಹೆತ್ತ ಮರುಗಳಿಗೆಯೇ ಹಿಂತಿರುಗಿ ಅವನ್ನು ತಿನ್ನಲು ತೊಡಗುವುದನ್ನು ಕಂಡು ಮನೆಯ ಮಕ್ಕಳು ಅಳುವುದೂ, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತೆಂದು ಹಿರಿಯರು ಉದ್ಗರಿಸುವುದೂ ಎಲ್ಲೆಡೆಯೂ ಒಂದೇ. ತಾಯಿಯನ್ನು ದೂಷಿಸುವುದು ಅನ್ಯಾಯ. ಹರಿಯುವ ನೀರಿನಲ್ಲಿ ಮರಿಗಳು ಚದುರಿಹೋಗುತ್ತವೆ, ತೊಟ್ಟಿಯಲ್ಲಿ ಓಡಲು ದಾರಿಯಿಲ್ಲ. ದಟ್ಟವಾದ ಪಾಚಿ, ತೇಲುವ ಗಿಡಗಳು, ಬಲೆಯ ಪೆಟ್ಟಿಗೆ ಇವೆಲ್ಲ ಆ ತಪ್ಪಿಸಿಕೊಳ್ಳುವ ದಾರಿಯನ್ನು ಮರಳಿ ಕಲ್ಪಿಸುವ ಉಪಾಯಗಳು.

ವಿಲ್ಮಾಟನ ನೆಲಮಾಳಿಗೆ ಬೇಗನೆ ಸಾಲದಾಯಿತು. 1868ರಲ್ಲಿ ಕೆನಡ ಸರ್ಕಾರ ಅವನ ಕಾರ್ಯವನ್ನು ಕೈಗೆತ್ತಿಕೊಂಡು ಹಣವೊದಗಿಸಿತು. 1876ರಲ್ಲಿ ಅವನು ಇಡೀ ದೇಶದ ಮತ್ಸ್ಯೋತ್ಪಾದನೆಯ ಮೇಲ್ವಿಚಾರಕನಾದನು. ಪೂರ್ವದ ರೆಸ್ಟಿಗೂಷ್, ಮಿರಮಿಷಿ ನದಿಗಳಿಂದ ಹಿಡಿದು ಪಶ್ಚಿಮದ ಫ್ರೇಸರ್ ನದಿಯವರೆಗೆ ಮರಿಮನೆಗಳೆದ್ದವು. ನ್ಯೂಕ್ಯಾಸಲ್ಲಿನ ಸುತ್ತಣ ತೊರೆಗಳಿಗೆ ಪ್ರತಿ ವಸಂತದಲ್ಲಿಯೂ ಮರಿಗಳನ್ನು ರಾಶಿರಾಶಿಯಾಗಿ ಬಿಡಲಾಯಿತು; ಮೊದಮೊದಲು ಮೀನು ಹೆಚ್ಚಿದಂತೆಯೂ ಕಂಡಿತು. ಆದರೆ 1881ರ ಹೊತ್ತಿಗೆ, ಈ ತೊರೆಗಳಲ್ಲಿ ಸಾಲ್ಮನ್ ಬೆಳೆಯುವ ಕಾಲ ಶಾಶ್ವತವಾಗಿ ಕಳೆದುಹೋಯಿತೆಂದು ಅದೇ ವಿಲ್ಮಾಟನು ಸರ್ಕಾರಕ್ಕೆ ಬರೆದುಕೊಡಬೇಕಾಯಿತು. ಇಡೀ ಆಯುಷ್ಯವನ್ನು ಮುಡುಪಿಟ್ಟ ಕಾರ್ಯದ ವೈಫಲ್ಯವನ್ನು ಸ್ವಹಸ್ತದಿಂದ ಬರೆದುಕೊಡುವ ಅಧಿಕಾರಿಗಳು ಯಾವ ದೇಶದಲ್ಲಿಯೂ ವಿರಳ. 1898ರಲ್ಲಿ, ಇಂದು ಟೊರಾಂಟೊ ನಗರದೊಳಗೇ ಸೇರಿಹೋಗಿರುವ ಸ್ಕಾರ್ಬರೊ ತೀರದ ಬಳಿ ಸಿಕ್ಕಿದ ಮೀನೇ ಆ ವಂಶದ ಕೊನೆಯ ದಾಖಲೆ. ವಿಲ್ಮಾಟನು ಮರುವರ್ಷ ತೀರಿಕೊಂಡನು. ಮರಿಮನೆಯನ್ನು 1914ರಲ್ಲಿ ಮುಚ್ಚಿದರು.

ಮನುವಿನ ಮೂರು ಪಾತ್ರೆಗಳಲ್ಲಿ ಕುಂಭವನ್ನೂ ಹೊಂಡವನ್ನೂ ವಿಲ್ಮಾಟನು ಲೋಪವಿಲ್ಲದೆ ಒದಗಿಸಿದ್ದನು. ಮೂರನೆಯದು ಅವನ ಕೈಯಲ್ಲಿರಲಿಲ್ಲ. ಗಿರಣಿಗಳ ಅಡ್ಡಗಟ್ಟೆಗಳು ತೊರೆಯ ದಾರಿಯನ್ನು ತಡೆದಿದ್ದವು, ಮರ ಕೊಯ್ದ ಹೊಟ್ಟು ಜಲ್ಲಿಯ ಮೇಲೆ ಕುಳಿತಿತ್ತು, ಕಾಡು ಕಡಿದು ನೆರಳಳಿದ ನೀರು ಬೇಸಿಗೆಯಲ್ಲಿ ಕಾದು ಬತ್ತುತ್ತಿತ್ತು. ಇವುಗಳ ಜೊತೆಗೆ ಅಂದು ಯಾರೂ ಊಹಿಸದಿದ್ದ ಕೇಡೊಂದಿತ್ತು. 1870ರ ದಶಕದಲ್ಲಿ ಸರೋವರದಲ್ಲಿ ವಿಪರೀತವಾಗಿ ಹೆಚ್ಚಿದ ಏಲ್‌ವೈಫ್ ಎಂಬ ಸಣ್ಣ ಮೀನಿನ ದೇಹದಲ್ಲಿ ಥಯಮಿನ್ ಎಂಬ ಜೀವಸತ್ವವನ್ನು ನಾಶಪಡಿಸುವ ಕಿಣ್ವವುಂಟು. ಅದನ್ನು ತಿಂದ ತಾಯಿಯ ಮೊಟ್ಟೆಗಳಲ್ಲಿ ಆ ಜೀವಸತ್ವ ಸಾಲದೆ, ಮರಿಗಳು ಒಡೆದು ಹೊರಬಂದರೂ ಈಜಲಾರದೆ ಸಾಯುತ್ತವೆ. ಯಾರ ಬಾಯಿಗೂ ಬೀಳದ ಮರಿಯನ್ನು ತಾಯಿಯ ಊಟವೇ ಕೊಂದಿತು. ಇದಕ್ಕೆ ಯಾವ ಬಲೆಯ ಪೆಟ್ಟಿಗೆ ತಡೆಯಾದೀತು!

2006ರಲ್ಲಿ ಒಂಟಾರಿಯೊ ಸರ್ಕಾರವೂ ಪ್ರಾಂತದ ಗಾಳಗಾರ ಮತ್ತು ಬೇಟೆಗಾರರ ಒಕ್ಕೂಟವೂ ಸೇರಿ, ಕ್ರೆಡಿಟ್ ನದಿ, ಡಫಿನ್ಸ್ ತೊರೆ ಮೊದಲಾದೆಡೆ ಸಾಲ್ಮನ್ನನ್ನು ಮರಳಿ ನೆಲೆಗೊಳಿಸುವ ಉದ್ಯಮವನ್ನು ಆರಂಭಿಸಿದವು. ಮೂಲವಂಶ ಅಳಿದಿರುವುದರಿಂದ ನೋವಾ ಸ್ಕೋಷಿಯದ ಲಾಹಾವ್ ನದಿ, ಕ್ವಿಬೆಕ್ಕಿನ ಸೇಂಟ್ ಜಾನ್ ಸರೋವರ, ಮೇನ್ ಸಂಸ್ಥಾನದ ಸಿಬೇಗೋ ಸರೋವರಗಳ ಪರವಂಶಗಳನ್ನು ತರಿಸಿದ್ದಾರೆ. ಈ ಬಾರಿ ದಡದಲ್ಲಿ ಮರ ನೆಡುವುದೂ ಕಟ್ಟೆಗಳಲ್ಲಿ ಮೀನಿಗೆ ದಾರಿ ಬಿಡಿಸುವುದೂ ಕಾರ್ಯದ ಅಂಗವಾಗಿದೆ. ಈ ಭಾಗದ ಶಾಲೆಗಳಲ್ಲಿ ಮಕ್ಕಳು ತಣ್ಣೀರಿನ ತೊಟ್ಟಿಗಳಲ್ಲಿ ಮೊಟ್ಟೆಯೊಡೆಯಿಸಿ ವಸಂತದಲ್ಲಿ ಮರಿಗಳನ್ನು ಹೊಳೆಗೆ ಬಿಡುತ್ತಾರೆ. ಎಷ್ಟು ಬೆಳೆದ ಮೇಲೆ ಬಿಡಬೇಕೆಂಬ ವಿಚಾರದಲ್ಲಿ ಮಾತ್ರ ಬಲ್ಲವರ ತರ್ಕ ಮುಗಿದಂತಿಲ್ಲ: ವಸಂತದ ಎಳೆಮರಿ ಅಗ್ಗ, ಹೊಳೆಯ ನೀರಿನ ಗುರುತನ್ನು ಬೇಗ ಹಿಡಿಯುತ್ತದೆ, ಆದರೆ ಬಹುಪಾಲು ಪರರಿಗೆ ಆಹಾರ, ವರ್ಷ ತುಂಬಿದ ಮರಿ ಬದುಕುವ ಸಂಭವ ಹೆಚ್ಚು, ಆದರೆ ಅಷ್ಟು ದಿನ ಮೇವಿಕ್ಕಿದ ವೆಚ್ಚವೂ ಹೆಚ್ಚು, ತೊಟ್ಟಿಯಲ್ಲಿ ಬೆಳೆದದ್ದರಿಂದ ಶತ್ರುವಿನ ನೆರಳಿಗೆ ಬೆದರುವ ಅಭ್ಯಾಸವೂ ಅದಕ್ಕೆ ಕಡಮೆ.