ಮಗನ ಸ್ಥಾನದಲ್ಲಿ ನಿಂತ ಮಗಳು

ಹಾಸಿಗೆ ಹಿಡಿದ ಹೆತ್ತವರನ್ನು ನೋಡಿಕೊಳ್ಳುವವರು ಯಾರು? ಸವದತ್ತಿ, ರಾಮದುರ್ಗ ಸೀಮೆಯ ಬಡಮನೆಗಳಲ್ಲಿ ಈ ಪ್ರಶ್ನೆಗೆ ಒಂದು ಕಠೋರವಾದ ಉತ್ತರವಿತ್ತು. ಗಂಡುಸಂತಾನವಿಲ್ಲದ, ಬಹುಮಟ್ಟಿಗೆ ದಲಿತರಾದ ತಂದೆತಾಯಿಯರು ಒಬ್ಬ ಮಗಳಿಗೆ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸುತ್ತಿದ್ದರು. ಆಕೆ ಮದುವೆಯಿಲ್ಲದೆ ತವರಿನಲ್ಲೇ ಉಳಿದು, ಮಗನ ಸ್ಥಾನದಲ್ಲಿ ನಿಂತು ದುಡಿಯಬೇಕು. ತಂಗಿಯರ ಮದುವೆ, ಹೆತ್ತವರ ಮುಪ್ಪಿನ ಸೇವೆ ಎರಡೂ ಆಕೆಯದೇ ಹೊಣೆ. ಹರಕೆ, ರೋಗಭಯಗಳೂ ಕಾರಣವಾಗಿದ್ದವು, ನಿಜ. ಆದರೆ ಇದನ್ನು ಬರಿಯ ಮೂಢಭಕ್ತಿಯೆಂದು ತಿಳಿಯುವವರು (ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ) ಆ ಮನೆಯ ಸಂಕಟದ ಲೆಕ್ಕವನ್ನು ಕಂಡಿಲ್ಲ.

ಬೆಳಗಾವಿಯು ಮುಂಬಯಿ ಪ್ರಾಂತದಲ್ಲಿದ್ದಾಗ, 1934ರಲ್ಲಿ, ಮೊದಲ ನಿಷೇಧ ಬಂದಿತು. ಕರ್ನಾಟಕವು 1982ರಲ್ಲಿ ಕಾಯಿದೆ ಮಾಡಿತು. ಎರಡೂ ಮುತ್ತು ಕಟ್ಟುವುದನ್ನು ಅಪರಾಧವೆಂದವು. ರೋಗಿಯ ಬಳಿ ಇನ್ನು ಕೂರುವವರು ಯಾರೆಂದು ಹೇಳಲಿಲ್ಲ.

ಆಸರೆ ಹುಟ್ಟಿದ್ದು ಆ ಹೆಣ್ಣುಮಕ್ಕಳ ನಡುವೆಯೇ. ಮೈರಾಡ ಸಂಸ್ಥೆಯ ನೆರವಿನಿಂದ ಸ್ವಸಹಾಯ ಸಂಘಗಳಲ್ಲಿ ಕೂಡಿದ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಉಳಿತಾಯ, ಸಾಲ, ಕಷ್ಟ ಹೇಳಿಕೊಳ್ಳಲು ಒಂದು ಜಾಗ. 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ ಇಂಥ ಒಟ್ಟು 46,660 ಮಹಿಳೆಯರನ್ನು ಗುರುತಿಸಿದವು. ಅವರಲ್ಲಿ ಅನೇಕರಿಗೆ ಈಗ ಮುಪ್ಪು ಬಂದಿದೆ. 2007ರ ಹಿರಿಯ ನಾಗರಿಕರ ಕಾಯಿದೆಯು ಹೆತ್ತವರ ಪೋಷಣೆಯನ್ನು ಮಗ, ಮಗಳು ಇಬ್ಬರ ಮೇಲೂ ಹೊರಿಸಿದೆ. ಪೋಷಿಸುವವಳಿಗೆ ಒಂದು ದಿನದ ಬಿಡುವು ಕೊಡುವವರಾರೆಂಬ ಮಾತು ಅದರಲ್ಲಿಯೂ ಇಲ್ಲ.